ಮನೆಯ ಕಾವಲು ಮತ್ತು ಮನೆಯ ಮರೆ

೧

ಮನೆಯೆಂಬುದು ಮನುಷ್ಯನಿಗೆ ಎರಡು ಬಗೆಯ ಉಪಕಾರಗಳನ್ನು ಮಾಡುತ್ತದೆ. ಪ್ರಾಣವನ್ನೂ ಒಡವೆ ವಸ್ತುಗಳನ್ನೂ ಕಳ್ಳಕಾಕರಿಂದ ಕಾಪಾಡುವುದು ಒಂದು. ಒಳಗಿರುವವರ ನಡೆನುಡಿಗಳು ಹೊರಗಿನವರ ಕಣ್ಣು ಕಿವಿಗಳಿಗೆ ಬೀಳದಂತೆ ಮಾಡುವುದು ಇನ್ನೊಂದು. ಮೊದಲನೆಯದನ್ನು ಕಾವಲೆಂದೂ ಎರಡನೆಯದನ್ನು ಮರೆಯೆಂದೂ ಕರೆಯಬಹುದು. ಗೋಡೆ, ಕದ, ಅಗುಳಿಗಳು ಬಹುಕಾಲದಿಂದಲೂ ಈ ಎರಡು ಕೆಲಸಗಳನ್ನು ಒಟ್ಟಿಗೆ ನಡೆಸುತ್ತ ಬಂದುದರಿಂದ ಇವೆರಡೂ ಒಂದೇ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಬಾಗಿಲ ಮೇಲೂ ಪಡಸಾಲೆಯಲ್ಲಿಯೂ ಕ್ಯಾಮೆರಾಗಳನ್ನು ನಿಲ್ಲಿಸುವ ಈ ಕಾಲದಲ್ಲಿ ಆ ಭಾವನೆಯನ್ನು ಪರೀಕ್ಷಿಸಿ ನೋಡುವುದು ಅವಶ್ಯಕವಾಗಿದೆ. ಕದವು ಕಾಯುವುದು ಮುಚ್ಚಿಕೊಳ್ಳುವುದರಿಂದ. ಕ್ಯಾಮೆರಾ ಕಾಯುವುದು ನೋಡುವುದರಿಂದ. ಆದುದರಿಂದ ಕದವು ಬಲವಾದಷ್ಟೂ ಮರೆಯು ಬಲವಾಗುತ್ತಿತ್ತು. ಕ್ಯಾಮೆರಾ ಬಲವಾದಷ್ಟೂ ಮರೆಯು ತೆಳುವಾಗುವುದುಂಟು.

ಈ ಭೇದವು ಹೊಸದಲ್ಲವೆಂಬುದಕ್ಕೆ ಮೊದಲು ಭಾಷೆಯೇ ಸಾಕ್ಷಿ. ಕನ್ನಡದಲ್ಲಿ ಕದಿ ಎಂಬ ಧಾತುವು ಒಡವೆಯ ಅಪಹಾರಕ್ಕೆ ಮಾತ್ರ ಸಲ್ಲುವುದಿಲ್ಲ. ಕದ್ದು ನೋಡುವುದು, ಕದ್ದು ಕೇಳುವುದು, ಕಳ್ಳನೋಟ ಎಂಬ ಪ್ರಯೋಗಗಳು ಎಲ್ಲರ ಬಾಯಲ್ಲಿಯೂ ಇವೆ. ದೂರವಾಣಿಯ ಮಾತನ್ನು ಗುಟ್ಟಾಗಿ ಕೇಳುವುದಕ್ಕೆ ಕದ್ದಾಲಿಕೆಯೆಂಬ ಹೊಸ ಶಬ್ದವು ಈಚೆಗೆ ರೂಢಿಗೆ ಬಂದಾಗಲೂ ಅದು ಇದೇ ಧಾತುವಿನಿಂದಲೇ ಹುಟ್ಟಿತು. ಇಲ್ಲಿ ಕದ್ದು ಎಂಬುದಕ್ಕೆ ಗುಟ್ಟಾಗಿ ಎಂದಷ್ಟೇ ಅರ್ಥವೆಂದು ಹೇಳಬಹುದು. ಆದರೆ ಗುಟ್ಟಾಗಿ ನೋಡುವವನು ಏನನ್ನೂ ಎತ್ತಿಕೊಂಡು ಹೋಗದಿದ್ದರೂ ನುಡಿಯು ಅವನನ್ನು ಕಳ್ಳರ ಪಂಕ್ತಿಯಲ್ಲಿ ಕೂರಿಸಿದೆಯೆಂಬುದನ್ನು ಮರೆಯಲಾಗದು.

ಕಿಟಕಿಗೆ ಸಲ್ಲುವ ಹೆಸರುಗಳೂ ಇಂಥ ವಿಚಾರಕ್ಕೆ ಎಡೆಗೊಡುತ್ತವೆ. ಸಂಸ್ಕೃತದ ವಾತಾಯನ ಶಬ್ದವು ಗಾಳಿಯ ದಾರಿಯನ್ನು ಹೇಳುತ್ತದೆ. ಗವಾಕ್ಷ ಶಬ್ದವು ಎತ್ತಿನ ಕಣ್ಣನ್ನು ನೆನಪಿಗೆ ತರುತ್ತದೆ. ಕನ್ನಡದ ಬೆಳಕಿಂಡಿಯು ಬೆಳಕಿನ ದಾರಿ. ಇಂಗ್ಲಿಷಿನವರು ಕಿಟಕಿಗೆ ಹೇಳುವ ಶಬ್ದವಾದರೋ ಪ್ರಾಚೀನ ನಾರ್ಸ್ ಭಾಷೆಯಿಂದ ಬಂದುದು. ಗಾಳಿಯ ಕಣ್ಣು ಎಂಬುದು ಅದರ ಮೂಲಾರ್ಥ. ದೂರದೂರದ ಭಾಷೆಗಳಲ್ಲಿ ಗೋಡೆಯ ರಂಧ್ರಕ್ಕೆ ಕಣ್ಣಿನ ಹೆಸರೇ ಬಂದಿರುವುದು ಆಕಸ್ಮಿಕವಲ್ಲ. ಗಾಳಿ ಬೆಳಕುಗಳಿಗಾಗಿ ತೆರೆದ ಕಂಡಿಯಿಂದ ನೋಟವೂ ಹಾಯುತ್ತದೆ; ಆ ನೋಟವನ್ನು ನಿಯಮಿಸುವುದೇ ಈ ವಿಷಯದಲ್ಲಿ ಧರ್ಮಶಾಸ್ತ್ರ ದಂಡನೀತಿಗಳಿಗೆ ಎದುರಾದ ಮೊದಲ ಸಮಸ್ಯೆ.

೨

ಈ ಸಮಸ್ಯೆಯನ್ನು ವಿಶದವಾಗಿ ವಿಚಾರಿಸಿದ ಭಾರತೀಯ ಗ್ರಂಥಗಳಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ಮುಖ್ಯವಾದುದು. ಇದರ ಪುನರುದ್ಧಾರದ ಕೀರ್ತಿ ಮೈಸೂರಿಗೆ ಸಲ್ಲತಕ್ಕದ್ದು. ತಂಜಾವೂರು ಪ್ರಾಂತದ ಪಂಡಿತರೊಬ್ಬರು ಮೈಸೂರಿನ ಸರ್ಕಾರಿ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದ ಗ್ರಂಥಲಿಪಿಯ ತಾಳೆಯೋಲೆಗಳನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿ, ೧೯೦೫ರಿಂದ ಅದರ ಭಾಗಗಳನ್ನು ಇಂಗ್ಲಿಷಿನಲ್ಲಿ ಬೆಳಕಿಗೆ ತಂದು, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಸಮಗ್ರ ಭಾಷಾಂತರವನ್ನೂ ಪ್ರಕಟಿಸಿದರು. ಗ್ರಂಥದ ಕಾಲವನ್ನು ಕುರಿತು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೆ ವಿದ್ವಾಂಸರಲ್ಲಿ ಮತಭೇದವುಂಟು. ಪ್ರಕೃತ ವಿಚಾರಕ್ಕೆ ಆ ಭೇದವು ಬಾಧಕವಲ್ಲ.

ಮೂರನೆಯ ಅಧಿಕರಣವಾದ ಧರ್ಮಸ್ಥೀಯದ ಎಂಟನೆಯ ಅಧ್ಯಾಯದಲ್ಲಿ ಮನೆ ಕಟ್ಟುವ ನಿಯಮಗಳಿವೆ. ವಾಸ್ತುವಿನ ವ್ಯಾಜ್ಯಗಳಿಗೆ ನೆರೆಯವರ ಮಾತೇ ಪ್ರಮಾಣವೆಂದು ಆ ಅಧ್ಯಾಯವು ಪ್ರಾರಂಭವಾಗುತ್ತದೆ. ಎರಡು ಮನೆಗಳ ನಡುವೆ ಒಂದು ಕಿಷ್ಕುವಿನಷ್ಟು ಅಥವಾ ಮೂರು ಪದಗಳಷ್ಟು ಎಡೆಯಿರಬೇಕು. ಅವುಗಳ ಸೂರುಗಳು ನಾಲ್ಕಂಗುಲ ಅಗಲಿರಬೇಕು, ಇಲ್ಲವೆ ಒಂದರ ಮೇಲೊಂದು ಬಂದಿರಬೇಕು. ಬೆಳಕಿಗಾಗಿ ಇಡುವ ಕಿಟಕಿಯು ಸಣ್ಣದಾಗಿ, ಎತ್ತರದಲ್ಲಿರಬೇಕು. ಮನೆಯಲ್ಲಿ ಜನವಾಸವಾದ ಮೇಲೆ ಅದನ್ನು ಮುಚ್ಚಬೇಕು. ಎದುರುಬದುರಾಗಿ ಬಾಗಿಲನ್ನೋ ಕಿಟಕಿಯನ್ನೋ ಇಟ್ಟು ನೆರೆಯವನಿಗೆ ಬಾಧೆಯುಂಟುಮಾಡಿದವನು ದಂಡಾರ್ಹನಾಗುತ್ತಾನೆ. ಆದರೆ ನಡುವೆ ರಾಜಮಾರ್ಗವೋ ಬೀದಿಯೋ ಇದ್ದರೆ ಈ ನಿಯಮವು ಸಲ್ಲುವುದಿಲ್ಲ.

ಈ ಕಡೆಯ ಅಪವಾದವು ಬಹಳ ಅರ್ಥವತ್ತಾದುದು. ಬೀದಿಯು ಎಲ್ಲರದು, ಅದನ್ನು ಎಲ್ಲರೂ ನೋಡಬಹುದು, ಅದರಲ್ಲಿ ನಡೆಯುವವರು ಎಲ್ಲರಿಗೂ ಕಾಣಬಹುದು. ನೆರೆಯವನ ಅಂಗಳವು ಹಾಗಲ್ಲ. ನೋಡುವುದೇ ತಪ್ಪೆಂದು ಶಾಸ್ತ್ರಕಾರನು ಹೇಳಲಿಲ್ಲ. ನೋಟವು ಎಲ್ಲಿ ಬೀಳುತ್ತದೆಯೆಂಬುದನ್ನು ವಿಚಾರಿಸಿದನು. ಇದರೊಡನೆ ಇನ್ನೊಂದು ಮಾತನ್ನೂ ಆತನು ಸೇರಿಸಿದ್ದಾನೆ: ಮನೆಯೊಡೆಯರು ತಮ್ಮತಮ್ಮೊಳಗೆ ಒಪ್ಪಿಕೊಂಡು ಇಷ್ಟಬಂದಂತೆ ಕಟ್ಟಿಸಬಹುದು, ಅನಿಷ್ಟವಾದುದನ್ನು ತಡೆಯಬಹುದು. ಸ್ಥಳಭೇದ, ಪರಸ್ಪರ ಸಮ್ಮತಿ ಎಂಬ ಈ ಎರಡು ಅಂಶಗಳು ಮುಂದಿನ ವಿಚಾರಕ್ಕೆಲ್ಲ ಆಧಾರವಾಗಿವೆ.

ಕಾವಲಿನ ವಿಷಯವು ನಾಲ್ಕನೆಯ ಅಧಿಕರಣದಲ್ಲಿ ಬರುತ್ತದೆ. ಪರರ ಮನೆಯನ್ನು ಹಗಲಿನಲ್ಲಿ ಅತಿಕ್ರಮಿಸಿ ಹೊಕ್ಕವನಿಗೆ ಪೂರ್ವಸಾಹಸ ದಂಡ, ರಾತ್ರಿಯಲ್ಲಿ ಹೊಕ್ಕವನಿಗೆ ಮಧ್ಯಮಸಾಹಸ ದಂಡ. ಕನ್ನ ಬಿದ್ದ ಮನೆಯನ್ನು ಪರೀಕ್ಷಿಸುವ ಕ್ರಮವನ್ನಂತೂ ಕೌಟಿಲ್ಯನು ಅನುಭವಿಯಾದ ಅಧಿಕಾರಿಯಂತೆ ವಿವರಿಸುತ್ತಾನೆ. ಬಾಗಿಲಲ್ಲದ ಕಡೆಯಿಂದ ಪ್ರವೇಶವಾಗಿದೆಯೆ, ಕದದ ಸಂದನ್ನು ಭೇದಿಸಿದ್ದಾರೆಯೆ, ಮೇಲುಮಾಳಿಗೆಯ ಜಾಲಂದ್ರವನ್ನೋ ಸೂರನ್ನೋ ಮುರಿದಿದ್ದಾರೆಯೆ, ಗೋಡೆಯನ್ನು ಕೊರೆದ ಮಣ್ಣು ಒಳಗೆ ಬಿದ್ದಿದೆಯೆ ಹೊರಗೆ ಬಿದ್ದಿದೆಯೆ ಎಂದು ನೋಡಬೇಕು. ಬಚ್ಚಿಟ್ಟ ಹಣದ ಜಾಗವು ಯಾರಾದರೂ ಹೇಳಿಕೊಟ್ಟಲ್ಲದೆ ತಿಳಿಯತಕ್ಕದ್ದಲ್ಲದಿದ್ದರೆ, ಮಣ್ಣೂ ಕೊರೆದ ಗುರುತುಗಳೂ ಒಳಗಿದ್ದರೆ, ಅದು ಒಳಗಿನವರ ಕೆಲಸವೆಂದು ತಿಳಿಯಬೇಕು. ಇದಕ್ಕೆ ವಿಪರೀತವಾದರೆ ಹೊರಗಿನವರದು.

ಸಾಹಿತ್ಯಾಧ್ಯಾಪಕರಿಗೆ ಇಲ್ಲಿ ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕವು ನೆನಪಾಗದಿರದು. ಶರ್ವಿಲಕನು ಚಾರುದತ್ತನ ಮನೆಯ ಗೋಡೆಗೆ ಶಾಸ್ತ್ರೋಕ್ತವಾಗಿ ಕನ್ನವಿಡುತ್ತಾನೆ. ಅಳತೆಯ ಹುರಿಯನ್ನು ಮರೆತುಬಂದುದರಿಂದ ಯಜ್ಞೋಪವೀತದಿಂದಲೇ ಅಳೆಯುತ್ತಾನೆ. ಕನ್ನಡದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿಯೂ ವಿದ್ಯುಚ್ಚೋರನದು ಒಂದು. ಕಳ್ಳತನವನ್ನು ಒಂದು ವಿದ್ಯೆಯೆಂದು ಎಣಿಸಿದ ಕಾಲದಲ್ಲಿ ಕಾವಲೂ ಒಂದು ವಿದ್ಯೆಯೇ ಆಗಿದ್ದಿತು.

೩

ಇಲ್ಲಿಯವರೆಗೆ ಅರ್ಥಶಾಸ್ತ್ರವು ಗೃಹಸ್ಥನ ಪಕ್ಷದಲ್ಲಿಯೇ ನಿಂತಂತೆ ಕಾಣುತ್ತದೆ. ನೆರೆಯವನ ಕಣ್ಣನ್ನೂ ಕಳ್ಳನ ಕೈಯನ್ನೂ ಅದು ತಡೆಯುತ್ತದೆ. ಆದರೆ ಅದೇ ಗ್ರಂಥದ ಬೇರೆ ಅಧ್ಯಾಯಗಳನ್ನು ಓದಿದವರಿಗೆ ಇನ್ನೊಂದು ಕಣ್ಣು ಕಾಣಿಸುತ್ತದೆ. ಅದು ಅರಸನ ಕಣ್ಣು. ಅರಸನನ್ನು ಚಾರಚಕ್ಷುವೆಂದು, ಎಂದರೆ ಗೂಢಚಾರರನ್ನೇ ಕಣ್ಣಾಗಿ ಉಳ್ಳವನೆಂದು, ಹೊಗಳುವುದು ನಮ್ಮ ಕವಿಗಳ ಹಳೆಯ ವಾಡಿಕೆ.

ಎರಡನೆಯ ಅಧಿಕರಣದ ನಾಗರಿಕಪ್ರಣಿಧಿಯೆಂಬ ಪ್ರಕರಣದಂತೆ, ಪಟ್ಟಣದಲ್ಲಿ ಗೋಪನೆಂಬ ಅಧಿಕಾರಿಯು ಹತ್ತೋ ಇಪ್ಪತ್ತೋ ನಲವತ್ತೋ ಮನೆಗಳ ಲೆಕ್ಕವನ್ನಿಟ್ಟು, ಅಲ್ಲಿಯ ಗಂಡಸರು ಹೆಂಗಸರ ಜಾತಿ, ಗೋತ್ರ, ಹೆಸರು, ಕಸುಬುಗಳನ್ನೂ ಆಯವ್ಯಯಗಳನ್ನೂ ತಿಳಿದಿರಬೇಕು. ಮನೆಗೆ ಬಂದವರನ್ನೂ ಮನೆಯಿಂದ ಹೋದವರನ್ನೂ ಗೃಹಸ್ಥನು ತಿಳಿಸಬೇಕು. ತಿಳಿಸದಿದ್ದರೆ ಆ ರಾತ್ರಿ ನಡೆದ ಅಪರಾಧದಲ್ಲಿ ಅವನಿಗೂ ಭಾಗವುಂಟು. ಏನೂ ನಡೆಯದಿದ್ದರೂ ಮೂರು ಪಣಗಳ ದಂಡವನ್ನು ತೆರಬೇಕು.

ಇದು ಬಹಿರಂಗವಾದ ಲೆಕ್ಕ. ಅಂತರಂಗದ ವ್ಯವಸ್ಥೆಯು ಮೊದಲನೆಯ ಅಧಿಕರಣದಲ್ಲಿದೆ. ದೊಡ್ಡ ಅಧಿಕಾರಿಗಳ ಮನೆಗಳಲ್ಲಿ ಅಡಿಗೆಯವರು, ಸ್ನಾನಮಾಡಿಸುವವರು, ಹಾಸಿಗೆ ಹಾಸುವವರು, ಕ್ಷೌರಿಕರು, ನೀರು ಕೊಡುವವರು ಎಂಬ ವೇಷದಲ್ಲಿ ಚಾರರಿರಬೇಕು; ಗೂನರು, ಕುಳ್ಳರು, ಮೂಗರು, ಕಿವುಡರು, ಕುರುಡರು, ಮಂಕರು ಎಂಬ ನೆವದಲ್ಲಿಯೂ ಇರಬೇಕು. ಒಳಮನೆಯ ವರ್ತಮಾನವನ್ನು ಭಿಕ್ಷುಕಿಯರು ಹೊರಗೆ ಮುಟ್ಟಿಸಬೇಕು. ಅದನ್ನು ಸಂಕೇತಲಿಪಿಯಿಂದ ಮುಂದಕ್ಕೆ ಸಾಗಿಸಬೇಕು. ಮೂವರ ಮಾತು ಒಂದಾದರೆ ನಂಬಬೇಕು. ಕಿವುಡನ ಮುಂದೆ ಜನರು ಮಾತನ್ನು ಅಡಗಿಸುವುದಿಲ್ಲ, ಕುರುಡನ ಮುಂದೆ ನಡತೆಯನ್ನು ಅಡಗಿಸುವುದಿಲ್ಲ. ಕೇಳದಂತೆ ತೋರುವ ಕಿವಿ, ನೋಡದಂತೆ ತೋರುವ ಕಣ್ಣು, ಇವೇ ಗುಪ್ತವೀಕ್ಷಣದ ಮೂಲತತ್ತ್ವ. ಇಂದು ಗಡಿಯಾರದಲ್ಲಿಯೂ ಹೊಗೆ ಸೂಚಕದಲ್ಲಿಯೂ ಅಡಗಿಸುವ ಯಂತ್ರವು ಈ ತತ್ತ್ವವನ್ನೇ ಅನುಸರಿಸುತ್ತದೆ.

ಇಲ್ಲಿ ಗಮನಿಸತಕ್ಕ ಇನ್ನೊಂದು ಅಂಶವುಂಟು. ಪರರ ಮನೆಯನ್ನು ಹೊಕ್ಕವರಿಗೆ ದಂಡವನ್ನು ವಿಧಿಸುವ ನಾಲ್ಕನೆಯ ಅಧಿಕರಣವು ಭಿಕ್ಷುಕರಿಗೂ ವರ್ತಕರಿಗೂ, ಮನೆಯವರು ನಿಷೇಧಿಸಿದ ಹೊರತು, ವಿನಾಯಿತಿಯನ್ನು ಕೊಟ್ಟಿದೆ. ಅವರು ಮನೆಮನೆಗೆ ಹೋಗತಕ್ಕವರಾದುದರಿಂದ ಇದು ಸಹಜವೆ. ಆದರೆ ಮೊದಲನೆಯ ಅಧಿಕರಣವು ಗೂಢಚಾರರಿಗೆ ತೊಡಿಸುವ ವೇಷಗಳಲ್ಲಿ ಭಿಕ್ಷುಕಿ, ವರ್ತಕ ಎಂಬಿವೂ ಸೇರಿವೆ. ಎಂದರೆ, ಯಾರಿಗೆ ಬಾಗಿಲು ಸಲಿಗೆಯಿಂದ ತೆರೆಯುತ್ತದೆಯೋ ಅವರ ವೇಷವನ್ನೇ ಅರಸನ ಕಣ್ಣು ಧರಿಸುತ್ತದೆ. ಈ ಎರಡು ಅಧಿಕರಣಗಳನ್ನು ಒಟ್ಟಿಗೆ ಓದಿದಲ್ಲದೆ ಗೃಹಸ್ಥನ ಮರೆಯು ಎಷ್ಟರ ಮಟ್ಟಿನದೆಂಬುದು ತಿಳಿಯುವುದಿಲ್ಲ. ನೆರೆಯವನಿಗೆ ಎದುರಾಗಿ ಅವನಿಗೆ ಮರೆಯುಂಟು. ಅರಸನಿಗೆ ಎದುರಾಗಿ ಇಲ್ಲ.

ಹೀಗೆ ಪರರ ಮನೆಗಳಲ್ಲಿ ಕಣ್ಣಿಟ್ಟ ಅರಸನಿಗೆ ತನ್ನ ಅರಮನೆಯ ವಿಷಯದಲ್ಲಿ ನಿಶ್ಚಿಂತೆಯಿದ್ದಿತೆ? ಇರಲಿಲ್ಲವೆಂಬುದು ಗಿಣಿಯ ಪ್ರಸಂಗದಿಂದ ತಿಳಿಯುತ್ತದೆ. ರಾಜನ ವಾಸಗೃಹವನ್ನು ವರ್ಣಿಸುವಲ್ಲಿ, ಹಾವಿನ ವಿಷದ ಶಂಕೆಯಾದರೆ ಗಿಣಿ, ಶಾರಿಕೆ, ಭೃಂಗರಾಜ ಪಕ್ಷಿಗಳು ಕೂಗಿಕೊಳ್ಳುತ್ತವೆಯೆಂದು ಹೇಳಿದೆ. ಆದುದರಿಂದ ಅವುಗಳನ್ನು ಸಾಕುವುದು ಕಾವಲಿಗೆ ಅನುಕೂಲ. ಮಂತ್ರಾಲೋಚನೆಯ ಅಧ್ಯಾಯದಲ್ಲಾದರೋ, ಪಕ್ಷಿಗಳಿಗೂ ಕಾಣದ ಸ್ಥಳದಲ್ಲಿ ಮಂತ್ರವನ್ನು ನಡೆಸಬೇಕು, ಏಕೆಂದರೆ ಗಿಣಿ ಶಾರಿಕೆಗಳಿಂದಲೂ ನಾಯಿ ಮೊದಲಾದ ಪ್ರಾಣಿಗಳಿಂದಲೂ ಮಂತ್ರವು ಬಯಲಾದುದುಂಟೆಂದು ಕೇಳಿದೆ ಎಂದಿದೆ. ಒಂದು ಅಧ್ಯಾಯದಲ್ಲಿ ಕಾವಲುಗಾರನಾದ ಗಿಣಿಯು ಇನ್ನೊಂದರಲ್ಲಿ ಚಾಡಿಕೋರನಾಗಿದೆ. ಗಿಣಿಯಲ್ಲಿ ವ್ಯತ್ಯಾಸವಿಲ್ಲ. ಗಮನಿಸಿ ಕೂಗುವ ಶಕ್ತಿಯಿಂದಲೇ ಅದು ಹಾವನ್ನು ತಿಳಿಸುತ್ತದೆ. ಆ ಶಕ್ತಿಯಿಂದಲೇ ಗುಟ್ಟನ್ನೂ ಹೊರಗೆಡಹುತ್ತದೆ. ಕಾಯುವ ಸಾಧನವು ಗ್ರಹಿಸುವ ಸಾಧನವಾದಾಗಲೆಲ್ಲ ಈ ಅಪಾಯವು ತಪ್ಪಿದ್ದಲ್ಲ.

೪

ಪಾಶ್ಚಾತ್ಯ ದೇಶಗಳಲ್ಲಿ ವಿಚಾರವು ಬೇರೆ ದಾರಿಯಿಂದ ಬೆಳೆಯಿತು. ಇಂಗ್ಲೆಂಡಿನಲ್ಲಿ ೧೬೦೪ರ ಸೆಮೇನನ ಮೊಕದ್ದಮೆಯಲ್ಲಿ, ಪ್ರತಿಯೊಬ್ಬನ ಮನೆಯೂ ಅವನಿಗೆ ಕೋಟೆಯೆಂದೂ, ದೊರೆಯ ಅಧಿಕಾರಿಯು ಬಲಾತ್ಕಾರವಾಗಿ ಒಳಹೊಗುವುದಕ್ಕೆ ಮುಂಚೆ ತನ್ನ ಬರವನ್ನೂ ಕಾರಣವನ್ನೂ ತಿಳಿಸಿ ಬಾಗಿಲನ್ನು ತೆರೆಯಬೇಕೆಂದು ಕೇಳಬೇಕೆಂದೂ ನಿರ್ಣಯವಾಯಿತು. ಇಲ್ಲಿ ಮೊದಲ ಬಾರಿಗೆ ಮನೆಯ ಬಾಗಿಲು ಅರಸನ ಅಧಿಕಾರಿಗೂ ಸ್ವಲ್ಪ ಮಟ್ಟಿಗೆ ಎದುರಾಗಿ ನಿಂತಿತೆಂದು ಹೇಳಬಹುದು. ಮನೆಯ ಗೋಡೆಗಳ ಅಥವಾ ಕಿಟಕಿಗಳ ಕೆಳಗೆ, ಸೂರಿನ ಅಡಿಯಲ್ಲಿ, ನಿಂತು ಒಳಗಿನ ಮಾತನ್ನು ಕೇಳಿ ಹಬ್ಬಿಸುವವರನ್ನು ಬ್ಲ್ಯಾಕ್‌ಸ್ಟನ್ ಪಂಡಿತನು ೧೭೬೯ರಲ್ಲಿ ಪ್ರಕಟವಾದ ತನ್ನ ವ್ಯಾಖ್ಯಾನದ ನಾಲ್ಕನೆಯ ಸಂಪುಟದಲ್ಲಿ ಸಾರ್ವಜನಿಕ ಉಪದ್ರವಕಾರಿಗಳೆಂದು ಗಣಿಸಿದ್ದಾನೆ. ಕದ್ದು ಕೇಳುವವನಿಗೆ ಇಂಗ್ಲಿಷಿನಲ್ಲಿರುವ ಹೆಸರಿಗೆ ಸೂರಿನ ನೀರು ಬೀಳುವ ಎಡೆಯೇ ಮೂಲ. ಕೌಟಿಲ್ಯನು ನಾಲ್ಕಂಗುಲವೆಂದು ಅಳೆದುಕೊಟ್ಟ ಎಡೆಯೂ ಸೂರಿನ ಎಡೆಯೇ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಭಾರತದಲ್ಲಿ ಬ್ರಿಟಿಷ್ ಆಳ್ವಿಕೆಯ ಕಾಲದ ನ್ಯಾಯಾಲಯಗಳು ಕಿಟಕಿಯ ಪ್ರಶ್ನೆಯನ್ನು ಮತ್ತೆ ಎದುರಿಸಬೇಕಾಯಿತು. ೧೮೮೨ರ ಈಸ್‌ಮೆಂಟ್ಸ್ ಆಕ್ಟಿನ ೧೮ನೆಯ ಕಲಮು ಸ್ಥಳೀಯ ರೂಢಿಯಿಂದ ಹಕ್ಕುಗಳು ಹುಟ್ಟಬಹುದೆಂದು ಹೇಳಿ, ಅದಕ್ಕೆ ಕೊಟ್ಟ ಉದಾಹರಣೆಗಳಲ್ಲಿ ಒಂದರಲ್ಲಿ ಊರೊಂದರ ರೂಢಿಯನ್ನು ಕಲ್ಪಿಸುತ್ತದೆ. ಆ ಊರಿನಲ್ಲಿ ನೆರೆಯವನ ಏಕಾಂತಕ್ಕೆ ಗಣನೀಯವಾಗಿ ಭಂಗಬರುವಂತೆ ಯಾವ ಮನೆಯವನೂ ಹೊಸ ಕಿಟಕಿಯನ್ನು ತೆರೆಯಕೂಡದು. ೧೮೮೮ರಲ್ಲಿ ಗೋಕುಲಪ್ರಸಾದನ ಮೊಕದ್ದಮೆಯಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು, ಪರದೆಯ ಹೆಂಗಸರು ವಾಸಿಸುವ ಭಾಗವು ಕಾಣದಂತೆ ಕಾಪಾಡಿಕೊಳ್ಳುವ ಹಕ್ಕು ಆ ಪ್ರಾಂತದಲ್ಲಿ ರೂಢಿಯಿಂದ ಸಿದ್ಧವಾಗಿದೆಯೆಂದು ಒಪ್ಪಿಕೊಂಡಿತು. ಇಂಗ್ಲೆಂಡಿನ ಸಾಮಾನ್ಯ ನ್ಯಾಯದಲ್ಲಿ ಇಂಥ ಹಕ್ಕು ಇರಲಿಲ್ಲ, ಇಲ್ಲಿ ಇದ್ದಿತು. ಶಾಮಶಾಸ್ತ್ರಿಗಳ ಮುದ್ರಣಕ್ಕೆ ಇನ್ನೂ ಇಪ್ಪತ್ತೊಂದು ವರ್ಷಗಳಿದ್ದುದರಿಂದ ಆ ನ್ಯಾಯಾಧೀಶರಿಗೆ ಅರ್ಥಶಾಸ್ತ್ರದ ವಾತಾಯನ ನಿಯಮವು ಲಭ್ಯವಿರಲಿಲ್ಲ. ಆದರೂ ನಿರ್ಣಯವು ಅದಕ್ಕೆ ಸಮೀಪವಾಗಿಯೇ ಬಂದಿತು. ಗ್ರಂಥವು ಮರೆಯಾಗಿದ್ದರೂ ಅದರಲ್ಲಿ ಕಾಣುವಂಥ ಆಚಾರವು ಜನರಲ್ಲಿ ಉಳಿದಿದ್ದಿತೆಂದು ಇದರಿಂದ ಊಹಿಸಬಹುದು.

ಈ ಹಕ್ಕಿನ ಮಿತಿಯೂ ಸ್ಪಷ್ಟ. ಅದು ಸ್ಥಳದ ರೂಢಿಯನ್ನು ಅವಲಂಬಿಸಿದುದು, ನೆರೆಯವನಿಗೆ ವಿರುದ್ಧವಾದುದು, ಕಣ್ಣಿಗೆ ಕಾಣುವ ಕಿಟಕಿಯನ್ನು ಕುರಿತದ್ದು. ಕಿಟಕಿಯಿಲ್ಲದೆಯೂ ನೋಡುವ, ಮನುಷ್ಯನಿಲ್ಲದೆಯೂ ಕೇಳುವ ಯಂತ್ರಗಳು ಬಂದಮೇಲೆ ಅದು ಸಾಲದಾಯಿತು.

೫

ಮನೆಯೊಳಗೆ ಅಡಗಿದ ಯಂತ್ರಗಳ ಚರಿತ್ರೆಯಲ್ಲಿ ಮಾಸ್ಕೋ ನಗರದ ಪ್ರಸಂಗವೊಂದು ಪ್ರಸಿದ್ಧವಾಗಿದೆ. ೧೯೪೫ರ ಆಗಸ್ಟಿನಲ್ಲಿ ಸೋವಿಯೆಟ್ ಬಾಲಕರ ಸಂಘದವರು ಅಮೆರಿಕದ ರಾಯಭಾರಿಗೆ ಆ ದೇಶದ ರಾಜಮುದ್ರೆಯನ್ನು ಮರದಲ್ಲಿ ಕೆತ್ತಿಸಿ ಕಾಣಿಕೆಯಾಗಿ ಕೊಟ್ಟರು. ಅದು ರಾಯಭಾರಿಯ ನಿವಾಸದ ಗೋಡೆಯ ಮೇಲೆ ೧೯೫೨ರವರೆಗೆ ತೂಗುತ್ತಿದ್ದಿತು. ಅದರೊಳಗೆ ಧ್ವನಿಗ್ರಾಹಕವೊಂದು ಅಡಗಿದ್ದಿತು. ಲೆವ್ ತೆರ್ಮೆನ್ ಎಂಬ ವಿಜ್ಞಾನಿಯು ಅದನ್ನು ರಚಿಸಿದ್ದನು. ಅದರಲ್ಲಿ ವಿದ್ಯುತ್ಕೋಶವಿರಲಿಲ್ಲ, ಹೊರಗೆ ಹೋಗುವ ತಂತಿಯೂ ಇರಲಿಲ್ಲ. ಹೊರಗಿನಿಂದ ರೇಡಿಯೋ ಅಲೆಗಳನ್ನು ಅದರ ಮೇಲೆ ಬಿಟ್ಟಾಗ, ಕೋಣೆಯ ಮಾತಿಗೆ ಕಂಪಿಸುವ ತೆಳುಪೊರೆಯು ಆ ಅಲೆಗಳನ್ನು ಮಾರ್ಪಡಿಸಿ ಹಿಂದಕ್ಕೆ ಕಳುಹಿಸುತ್ತಿದ್ದಿತು. ಅಲೆಗಳು ನಿಂತಾಗ ಅದು ಬರಿಯ ಮರದ ಹಲಗೆ. ೧೯೬೦ರಲ್ಲಿ ವಿಶ್ವಸಂಸ್ಥೆಯ ಭದ್ರತಾಮಂಡಲಿಯಲ್ಲಿ ಅಮೆರಿಕದವರು ಇದನ್ನು ಪ್ರದರ್ಶಿಸಿದರು. ಭಿಕ್ಷುಕಿಯ ವೇಷವು ಹೋಗಿ ಕಾಣಿಕೆಯ ವೇಷವು ಬಂದುದಷ್ಟೇ ವ್ಯತ್ಯಾಸ. ಬಾಗಿಲನ್ನು ತೆರೆಯಿಸಿದುದು ಎರಡು ಕಡೆಯೂ ಮನೆಯವರ ಸೌಜನ್ಯವೆ.

ಕಾವಲಿಗಾಗಿ ಹುಟ್ಟಿದ ಯಂತ್ರದ ಕಥೆಯು ಬೇರೆ. ನ್ಯೂಯಾರ್ಕಿನಲ್ಲಿ ದಾದಿಯಾಗಿದ್ದ ಮೇರಿ ವಾನ್ ಬ್ರಿಟನ್ ಬ್ರೌನ್ ಎಂಬಾಕೆಯೂ ಆಕೆಯ ಪತಿಯೂ ೧೯೬೬ರಲ್ಲಿ ಮನೆಯ ಕಾವಲಿಗೆ ಒಂದು ಯಂತ್ರವ್ಯವಸ್ಥೆಯನ್ನು ರಚಿಸಿ, ೧೯೬೯ರಲ್ಲಿ ಅದಕ್ಕೆ ಪೇಟೆಂಟನ್ನು ಪಡೆದರು. ಬಾಗಿಲಿನ ನಾಲ್ಕು ಕಿಂಡಿಗಳ ಹಿಂದೆ ಮೇಲೆ ಕೆಳಗೆ ಚಲಿಸುವ ಕ್ಯಾಮೆರಾ, ಮಲಗುವ ಕೋಣೆಯಲ್ಲಿ ಚಿತ್ರವನ್ನು ತೋರಿಸುವ ತೆರೆ, ಬಂದವರೊಡನೆ ಮಾತನಾಡುವ ಸಾಧನ, ಕುಳಿತಲ್ಲಿಂದಲೇ ಬಾಗಿಲನ್ನು ತೆಗೆಯುವ ಗುಂಡಿ, ಅಪಾಯಕ್ಕೆ ಕೂಗುಗಂಟೆ, ಇವು ಅದರ ಅಂಗಗಳು. ಈ ಕ್ಯಾಮೆರಾ ಒಳಗಿನಿಂದ ಹೊರಗೆ ನೋಡಿತು; ಅದರ ನೋಟವು ಹೊಸ್ತಿಲಿನ ಮುಂದೆ ನಿಂತವರ ಮೇಲೆ ಬಿದ್ದಿತು; ಕಂಡುದನ್ನು ಮನೆಯಾಕೆಯೇ ಕಂಡಳು. ಗೃಹರಕ್ಷಣೆಗೆ ಇದಕ್ಕಿಂತ ನಿರಪಾಯವಾದ ಕಣ್ಣು ದೊರೆಯಲಾರದು.

ಮುಂದಿನ ದಿನಗಳಲ್ಲಿ ಈ ಮೂರು ಲಕ್ಷಣಗಳೂ ಒಂದೊಂದಾಗಿ ಸಡಿಲವಾದುವು. ಕ್ಯಾಮೆರಾ ಹೊಸ್ತಿಲನ್ನು ದಾಟಿ ಒಳಕ್ಕೆ ಬಂದಿತು. ಅದರ ನೋಟವು ಬೀದಿಗೂ ನೆರೆಯ ಅಂಗಳಕ್ಕೂ ಹರಡಿತು. ಕಂಡುದು ಅಂತರ್ಜಾಲದ ಮೂಲಕ ದೂರದ ಸಂಗ್ರಹಗಳಿಗೆ ಹೋಗತೊಡಗಿತು. ೨೦೧೬ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಹರಡಿದಾಗ ಅದಕ್ಕೆ ಮುಖ್ಯವಾಗಿ ಸಿಕ್ಕಿಬಿದ್ದುವು ಇಂಥ ಕ್ಯಾಮೆರಾಗಳೂ ಅವುಗಳ ಚಿತ್ರಸಂಗ್ರಾಹಕಗಳೂ ಆಗಿದ್ದುವು. ತಯಾರಕರು ಇಟ್ಟ ಸಂಕೇತಪದವನ್ನು ಕೊಂಡವರು ಬದಲಾಯಿಸದೆ ಬಿಟ್ಟುದೇ ಅದಕ್ಕೆ ದಾರಿಯಾಯಿತು. ಬೇಲಿಯೇ ಎದ್ದು ಹೊಲವನ್ನು ಮೇಯುವುದೆಂಬ ಗಾದೆಯು ಇಲ್ಲಿ ಸಲ್ಲುತ್ತದೆ. ಕದಕ್ಕೆ ಹೊಸ ಬೀಗವನ್ನು ಹಾಕಿ ಬೀಗದ ಕೈಯನ್ನು ಅಂಗಡಿಯಲ್ಲಿಯೇ ಬಿಟ್ಟುಬಂದಂತೆ ಅದು.

ಇನ್ನು ದುರುದ್ದೇಶದಿಂದಲೇ ಅಡಗಿಸುವ ಕ್ಯಾಮೆರಾಗಳು. ಬಾಡಿಗೆಯ ಮನೆ, ವಿದ್ಯಾರ್ಥಿನಿಲಯ, ವಸತಿಗೃಹಗಳಲ್ಲಿ ಇವುಗಳ ಭೀತಿಯು ಹೆಚ್ಚು. ಏಕೆಂದರೆ ಅಲ್ಲಿ ವಾಸಿಸುವವರು ಬೇರೆ, ಗೋಡೆಗಳ ಒಡೆಯರು ಬೇರೆ. ಸೂಜಿಯ ಮೊನೆಯಷ್ಟು ರಂಧ್ರವಿದ್ದರೆ ಮಸೂರಕ್ಕೆ ಸಾಕು. ಆದರೂ ನೋಡುವ ಯಂತ್ರವು ತನ್ನ ಕಣ್ಣನ್ನು ಪೂರ್ತಿಯಾಗಿ ಮುಚ್ಚಿಕೊಳ್ಳಲಾರದು. ಕೋಣೆಯನ್ನು ಕತ್ತಲೆಮಾಡಿ, ಕೈದೀಪವನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ಹಾಸಿಗೆಗೂ ಸ್ನಾನದ ಮನೆಗೂ ಎದುರಾದ ವಸ್ತುಗಳ ಮೇಲೆ ಬೆಳಕನ್ನು ಹಾಯಿಸಿದರೆ, ಮಸೂರವು ಬೆಳಕನ್ನು ಹಿಂದಿರುಗಿಸಿ ಮಿನುಗುವುದುಂಟು. ಕತ್ತಲಲ್ಲಿ ನೋಡುವ ಕ್ಯಾಮೆರಾಗಳು ಬೀರುವ ಅವಗೆಂಪು ಬೆಳಕು ಬರಿಗಣ್ಣಿಗೆ ಕಾಣದಿದ್ದರೂ ಅನೇಕ ಮೊಬೈಲು ಫೋನುಗಳ ಕ್ಯಾಮೆರಾಗಳಿಗೆ ಕಾಣುತ್ತದೆ. ರೇಡಿಯೋ ಅಲೆಗಳನ್ನು ಕಂಡುಹಿಡಿಯುವ ಸಾಧನಗಳೂ ಉಂಟು. ಆದರೆ ಚಿತ್ರವನ್ನು ಹೊರಗೆ ಕಳುಹಿಸದೆ ತನ್ನೊಳಗೇ ಬರೆದಿಟ್ಟುಕೊಳ್ಳುವ ಕ್ಯಾಮೆರಾ ಅವಕ್ಕೆ ಸಿಕ್ಕುವುದಿಲ್ಲ. ಮಾಸ್ಕೋವಿನ ಹಲಗೆಯೂ ಸುಮ್ಮನಿದ್ದಾಗ ಸಿಕ್ಕುತ್ತಿರಲಿಲ್ಲ. ಆದುದರಿಂದ ಗೃಹಸ್ಥನ ಜಾಗರೂಕತೆಯೊಂದನ್ನೇ ನಂಬುವಂತಿಲ್ಲ. ನ್ಯಾಯದ ಆಶ್ರಯವೂ ಬೇಕು.

೬

ಆ ಆಶ್ರಯವು ಭಾರತದಲ್ಲಿ ಎಷ್ಟು ದೊರೆತಿದೆಯೆಂಬುದು ಇನ್ನುಳಿದ ವಿಚಾರ. ೧೯೬೨ರಲ್ಲಿ ಖರಕ್‌ಸಿಂಗನ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಸಂಶಯಾಸ್ಪದರ ಪಟ್ಟಿಯಲ್ಲಿ ಹೆಸರಿದ್ದ ಅವನ ಮನೆಯ ಬಾಗಿಲನ್ನು ಪೋಲೀಸರು ರಾತ್ರಿಯಲ್ಲಿ ತಟ್ಟುತ್ತಿದ್ದರು. ಇಂಥ ರಾತ್ರಿಯ ಭೇಟಿಯು ಸಂವಿಧಾನಕ್ಕೆ ವಿರುದ್ಧವೆಂದು ನ್ಯಾಯಾಲಯವು ತೀರ್ಮಾನಿಸಿತು. ಆದರೆ ಏಕಾಂತವು ಸಂವಿಧಾನವು ಕೊಟ್ಟ ಹಕ್ಕಲ್ಲವೆಂದು ಬಹುಮತದಿಂದ ಹೇಳಿ, ಅವನ ಓಡಾಟದ ಮೇಲೆ ಕಣ್ಣಿಡುವುದನ್ನು ಮನ್ನಿಸಿತು. ಬಾಗಿಲನ್ನು ತಟ್ಟುವುದು ತಪ್ಪು, ತಟ್ಟದೆ ನೋಡುವುದು ತಪ್ಪಲ್ಲವೆಂದು ಇದರಿಂದ ಫಲಿಸಿತು. ನ್ಯಾಯಮೂರ್ತಿ ಸುಬ್ಬರಾವ್ ಅವರು ಇದಕ್ಕೆ ಭಿನ್ನಮತವನ್ನು ಬರೆದು, ಏಕಾಂತವು ವ್ಯಕ್ತಿಸ್ವಾತಂತ್ರ್ಯದ ಅಂಗವೇ ಎಂದರು. ೧೯೯೬ರಲ್ಲಿ ದೂರವಾಣಿಯ ಕದ್ದಾಲಿಕೆಗೆ ನ್ಯಾಯಾಲಯವು ವಿಧಿನಿಯಮಗಳನ್ನು ಗೊತ್ತುಮಾಡಿತು.

ಪೂರ್ಣ ನಿರ್ಣಯವಾದುದು ೨೦೧೭ರ ಆಗಸ್ಟ್ ೨೪ರಂದು. ಕರ್ಣಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ೨೦೧೨ರಲ್ಲಿ ಸಲ್ಲಿಸಿದ ಅರ್ಜಿಯ ಸಂದರ್ಭದಲ್ಲಿ, ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ಏಕಾಂತವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಸುಬ್ಬರಾವ್ ಅವರ ಭಿನ್ನಮತಕ್ಕೆ ಐವತ್ತು ವರ್ಷಗಳ ಮೇಲೆ ಮನ್ನಣೆ ದೊರೆಯಿತು. ಸರ್ಕಾರವು ಈ ಹಕ್ಕಿನಲ್ಲಿ ಕೈಯಿಡಬೇಕಾದರೆ ಅದಕ್ಕೆ ಶಾಸನದ ಆಧಾರವಿರಬೇಕು, ಉದ್ದೇಶವು ನ್ಯಾಯವಾಗಿರಬೇಕು, ಉಪಾಯವು ಉದ್ದೇಶವನ್ನು ಮೀರದಂತಿರಬೇಕು. ಅರ್ಥಶಾಸ್ತ್ರವು ನೆರೆಯವನಿಗೆ ಹಾಕಿದ ಕಟ್ಟನ್ನು ಅರಸನಿಗೆ ಹಾಕಿರಲಿಲ್ಲ. ಆ ಗ್ರಂಥವು ಮತ್ತೆ ಬೆಳಕು ಕಂಡ ನಾಡಿನವರೇ ಒಬ್ಬರ ಅರ್ಜಿಯಿಂದ ಆ ಕೊರತೆಯು ತುಂಬಿತೆಂಬುದು ಗಮನಾರ್ಹವಾದ ಸಂಗತಿ. ಪುಟ್ಟಸ್ವಾಮಿಯವರು ೨೦೨೪ರಲ್ಲಿ ದಿವಂಗತರಾದರು.

ವ್ಯಕ್ತಿ ವ್ಯಕ್ತಿಗಳ ನಡುವಣ ವಿಷಯದಲ್ಲಿ ಶಾಸನವು ಇನ್ನೂ ಪೂರ್ಣವಾಗಿಲ್ಲ. ಖಾಸಗಿ ಕ್ರಿಯೆಯಲ್ಲಿರುವ ಸ್ತ್ರೀಯನ್ನು ಕದ್ದು ನೋಡುವುದನ್ನೂ ಚಿತ್ರಿಸುವುದನ್ನೂ ದಂಡಸಂಹಿತೆಗೆ ೨೦೧೩ರಲ್ಲಿ ಸೇರಿಸಿದ ಕಲಮು ಅಪರಾಧವೆಂದು ಮಾಡಿತು. ೨೦೨೪ರ ಜುಲೈ ೧ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ೭೭ನೆಯ ಕಲಮಾಗಿದೆ. ಮೊದಲ ಸಲದ ಅಪರಾಧಕ್ಕೆ ಒಂದು ವರ್ಷದಿಂದ ಮೂರು ವರ್ಷಗಳವರೆಗೆ ಸೆರೆವಾಸವುಂಟು. ಮಾಹಿತಿ ತಂತ್ರಜ್ಞಾನದ ಶಾಸನಕ್ಕೆ ೨೦೦೮ರ ತಿದ್ದುಪಡಿಯಿಂದ ಬಂದ ಕಲಮು ಸ್ತ್ರೀಪುರುಷ ಭೇದವಿಲ್ಲದೆ ರಕ್ಷಿಸುತ್ತದೆ. ಆದರೆ ಅದು ದೇಹದ ಗುಪ್ತಭಾಗಗಳ ಚಿತ್ರಕ್ಕೆ ಸೀಮಿತವಾದುದು. ಇವೆರಡೂ ನೋಟವನ್ನು ಕುರಿತವು, ಮಾತನ್ನು ಕುರಿತವಲ್ಲ. ೨೦೨೩ರ ವೈಯಕ್ತಿಕ ದತ್ತಾಂಶಗಳ ಶಾಸನವಾದರೋ, ವ್ಯಕ್ತಿಯೊಬ್ಬನು ತನ್ನ ಸ್ವಂತ ಅಥವಾ ಮನೆಯ ಉದ್ದೇಶಕ್ಕಾಗಿ ಬಳಸುವ ದತ್ತಾಂಶಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಗಂಡಹೆಂಡಿರ ಜಗಳ, ರೋಗಿಯ ನರಳಾಟ, ಸಾಲದ ಚಿಂತೆ ಮೊದಲಾದ ಮನೆಯ ನಿಜವಾದ ಗುಟ್ಟುಗಳು ಹೀಗೆ ಈ ಮೂರು ಶಾಸನಗಳ ನಡುವಣ ಸಂದಿನಲ್ಲಿ ಉಳಿದುಕೊಳ್ಳುತ್ತವೆ.

ಈ ಸಂದನ್ನು ನ್ಯಾಯಾಲಯಗಳು ತುಂಬತೊಡಗಿವೆ. ೨೦೨೫ರಲ್ಲಿ ಕಲ್ಕತ್ತೆಯ ಉಚ್ಚ ನ್ಯಾಯಾಲಯವು, ಒಂದೇ ಮನೆಯಲ್ಲಿರುವ ಸಹವಾಸಿಯ ಒಪ್ಪಿಗೆಯಿಲ್ಲದೆ ವಾಸದ ಭಾಗದೊಳಗೆ ಕ್ಯಾಮೆರಾಗಳನ್ನು ನಡೆಸಕೂಡದೆಂದು ತೀರ್ಪಿತ್ತಿತು. ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಮನೆಯೊಡೆಯರು ಕೂಡಿ ಒಪ್ಪಿ ಮಾಡಬೇಕೆಂಬ ಕೌಟಿಲ್ಯನ ಮಾತು ಇಲ್ಲಿ ಒಂದೇ ಸೂರಿನ ಕೆಳಗಿರುವವರಿಗೂ ಅನ್ವಯಿಸಿದಂತಾಯಿತು. ಯುರೋಪಿನಲ್ಲಿ ೨೦೧೪ರ ತೀರ್ಪೊಂದು ಸ್ಥಳಭೇದವನ್ನು ಎತ್ತಿಹಿಡಿದಿದೆ. ಕಿಟಕಿಗಳನ್ನು ಒಡೆದವರನ್ನು ಹಿಡಿಯಲು ಝೆಕ್ ದೇಶದ ಗೃಹಸ್ಥನೊಬ್ಬನು ಇಟ್ಟ ಕ್ಯಾಮೆರಾ ಬೀದಿಯನ್ನೂ ಚಿತ್ರಿಸಿತು. ಉದ್ದೇಶವು ನ್ಯಾಯವಾದುದೇ ಆದರೂ, ನೋಟವು ತನ್ನ ಮನೆಯ ಮೇರೆಯನ್ನು ದಾಟಿದ ಮೇಲೆ ಅದು ಬರಿಯ ಮನೆವಾರ್ತೆಯಾಗಿ ಉಳಿಯುವುದಿಲ್ಲವೆಂದು ಯುರೋಪಿನ ನ್ಯಾಯಾಲಯವು ಹೇಳಿತು. ಬೀದಿಯ ನೋಟಕ್ಕೆ ಕೌಟಿಲ್ಯನು ಕೊಟ್ಟ ವಿನಾಯಿತಿಗೆ ಇದು ವಿರುದ್ಧವಾಗಿ ತೋರಬಹುದು. ಆದರೆ ಕೌಟಿಲ್ಯನ ಕಾಲದ ಕಣ್ಣು ನೋಡಿದುದನ್ನು ಮರೆಯುತ್ತಿದ್ದಿತು. ಈಗಿನ ಕಣ್ಣು ನೋಡಿದುದನ್ನೆಲ್ಲ ಬರೆದಿಡುತ್ತದೆ. ಇಂಗ್ಲೆಂಡಿನ ಜಿಲ್ಲಾ ನ್ಯಾಯಾಲಯವೊಂದು ೨೦೨೧ರಲ್ಲಿ, ಬಾಗಿಲಗಂಟೆಯಲ್ಲಿ ಅಡಕವಾದ ಯಂತ್ರವು ದೂರದ ಮಾತುಗಳನ್ನು ಹಿಡಿಯುವುದು ಚಿತ್ರಕ್ಕಿಂತಲೂ ಹೆಚ್ಚಿನ ತೊಂದರೆಯೆಂದು ಅಭಿಪ್ರಾಯಪಟ್ಟಿತು. ಗೋಡೆಗೂ ಕಿವಿಯುಂಟೆಂದು ಹಿರಿಯರು ಎಚ್ಚರಿಸುತ್ತಿದ್ದರು. ಈಗ ಕದಕ್ಕೂ ಕಿವಿ ಬಂದಿದೆ.

ಮೇಲೆ ಹೇಳಿದುದೆಲ್ಲವನ್ನೂ ಸಂಗ್ರಹಿಸಿದರೆ ಇಷ್ಟು ಸಿದ್ಧವಾಗುತ್ತದೆ. ಕಾವಲಿನ ಹೆಸರಿನಿಂದ ಇಟ್ಟ ಕಣ್ಣು ಕಾವಲಿನದೋ ಕಳ್ಳತನದ್ದೋ ಎಂಬುದು ಯಂತ್ರದ ಗುಣದಿಂದ ತಿಳಿಯುವುದಿಲ್ಲ. ಗಿಣಿಯು ಎರಡು ಅಧ್ಯಾಯಗಳಲ್ಲಿಯೂ ಗಿಣಿಯೇ. ಅದರ ನೋಟವು ಯಾರ ಸ್ಥಳದ ಮೇಲೆ ಬೀಳುತ್ತದೆ, ಕಾಣಿಸಿಕೊಳ್ಳುವವರು ಅದನ್ನು ಬಲ್ಲರೆ, ಬಲ್ಲವರು ಒಪ್ಪಿರುವರೆ, ಕಂಡುದು ಯಾರ ವಶದಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬ ಪ್ರಶ್ನೆಗಳಿಂದಲೇ ಅದು ನಿರ್ಣಯವಾಗಬೇಕು. ಇವುಗಳಲ್ಲಿ ಮೊದಲ ಮೂರನ್ನು ಹಳೆಯ ವಾಸ್ತುನಿಯಮಗಳಿಂದಲೂ ಅವುಗಳಿಗೆ ಸಮೀಪವಾದ ರೂಢಿಯಿಂದಲೂ ತೆಗೆಯಬಹುದು. ನಾಲ್ಕನೆಯದು ಮಾತ್ರ ಈ ಕಾಲದ್ದು, ಅದಕ್ಕೆ ತಕ್ಕ ಶಾಸನವೂ ಈ ಕಾಲದವರಿಂದಲೇ ಆಗಬೇಕಾಗಿದೆ. ಕಾಯುವ ಕಣ್ಣು ಎದುರಿಗೆ ಕಾಣುವಂತೆ ನಿಂತಿರಬೇಕು. ಅಡಗಿ ಕಾಯುವುದನ್ನು ಕನ್ನಡ ನುಡಿಯು ಕಾಯುವುದೆಂದು ಕರೆದಿಲ್ಲ, ಕದಿಯುವುದೆಂದು ಕರೆದಿದೆ.